ಯಾರೂ ಬಂದು ಒಯ್ಯದ ಬಟ್ಟೆ

ನವೆಂಬರ್ ೯

ಅಮ್ಮಾ,

ದನಿ ಕಳಿಸ್ಬೇಡ, ಬರೆದು ಕಳಿಸು ಅಂದ್ಯಲ್ಲ, ಸರಿ. ಆದ್ರೆ ನಾನು ಕೂತು ಬರೆಯೋಳಲ್ಲ, ನಿಂಗೇ ಗೊತ್ತು. ಅದಕ್ಕೆ ಒಂದು ಉಪಾಯ ಮಾಡಿದೀನಿ. ನಾನು ಮಾತಾಡ್ತೀನಿ, ಫೋನು ಬರ್ಕೊಳ್ಳುತ್ತೆ, ಬರ್ಕೊಂಡಿದ್ದು ನಿನ್ನ ಹತ್ರ ಬರುತ್ತೆ. ನನ್ನ ದನಿ ಆ ಮನೆ ಒಳಗೆ ಬರಲ್ಲ. ಅಣ್ಣ ಹೋದ್ಮೇಲೆ ಆ ಫೋನಲ್ಲಿ ಯಾರ ದನಿ ಕೇಳಿದ್ರೂ ನಿಂಗೆ ಎದೆ ಧಸಕ್ಕಂತ ಅನ್ಸುತ್ತೆ. ನಂಗೂ ಹಂಗೇ.

ಕೆಲಸ ಸಿಕ್ತು. ಏನು ಅಂತ ಹೇಳಿದ್ರೆ ನಗ್ತೀಯ. ಈ ಊರಿನ ನಟ್ಟನಡುವೆ ಐದು ಮಹಡಿ ಬಟ್ಟೆ ಅಂಗಡಿ ಇದೆ. ಇದೆ ಅಂದ್ರೆ, ಇತ್ತು. ಕೆಲವು ವರ್ಷದ ಹಿಂದೆ ಒಂದು ಬೆಳಗ್ಗೆ ಬೀಗ ಹಾಕಿದವ್ರು ಮತ್ತೆ ತೆಗೀಲಿಲ್ಲ. ಮಾಲೀಕರಿಗೆ ನಡ್ಸೋ ಶಕ್ತಿ ಇಲ್ಲ, ಮಾರೋ ಮನಸ್ಸಿಲ್ಲ. ಇಷ್ಟು ದೊಡ್ಡ ಕಟ್ಟಡನ ಇನ್ನು ಯಾತಕ್ಕೆ ಬಳಸ್ಬಹುದು ಅಂತ ಯೋಚನೆ ಮಾಡಕ್ಕೆ ಒಬ್ಬಳನ್ನ ನೇಮಿಸಿದಾರೆ. ದಿನಾ ಕಂಕುಳಲ್ಲಿ ಕಾಗದದ ಸುರುಳಿ ಇಟ್ಕೊಂಡು ಬರ್ತಾಳೆ. ನಾನು ನಕ್ಷೆಯಕ್ಕ ಅಂತೀನಿ. ಹಗಲು ಅವಳ ಅಳತೆ ಟೇಪಿನ ಇನ್ನೊಂದು ತುದಿ ಹಿಡ್ಕೊಳ್ಳೋದು ನನ್ನ ಕೆಲಸ.

ಸಂಜೆದು ಬೇರೆ. ಕಟ್ಟಡ ಖಾಲಿ ಅಂತ ಗೊತ್ತಾದ್ರೆ ಗಾಜು ಒಡೀತಾರೆ, ತಂತಿ ಕಿತ್ಕೊಂಡು ಹೋಗ್ತಾರೆ. ಅದಕ್ಕೆ ನಾನು ಇಲ್ಲೇ ಇರ್ಬೇಕು. ಕತ್ತಲಾಗ್ತಿದ್ದ ಹಾಗೆ ಒಂದೊಂದು ಮಹಡೀಲೂ ದೀಪ ಹಾಕ್ಬೇಕು, ಕಿಟಕಿ ಹತ್ರ ಓಡಾಡ್ಬೇಕು, ಆರಿಸ್ಬೇಕು, ಇನ್ನೊಂದು ಮಹಡಿಗೆ ಹೋಗ್ಬೇಕು. ಒಳಗೆ ಯಾರೋ ಇದಾರೆ ಅಂತ ಬೀದಿಗೆ ಅನ್ಸ್ಬೇಕು. ಇದೂ ಒಂದು ಕೆಲಸನಾ ಅಂತ ಕೇಳ್ಬೇಡ. ಜನ ಇಲ್ದಿರೋ ಕಡೆ ಜನ ಇದಾರೆ ಅಂತ ತೋರ್ಸೋ ಕೆಲಸ.

ಮಲಗೋದು ಮೂರನೇ ಮಹಡೀಲಿ, ಹಾಸಿಗೆ ಮಾರ್ತಿದ್ದ ಕಡೆ. ತೋರಿಕೆಗೆ ಇಟ್ಟಿದ್ದ ಒಂದು ಮಂಚ ಮೆಟ್ಟಿಲಲ್ಲಿ ತಿರುಗದೆ ಅಲ್ಲೇ ಉಳ್ಕೊಂಡಿದೆ. ಸುತ್ತ ಬಟ್ಟೆ ತೊಡಿಸೋ ಬೊಂಬೆಗಳು. ಒಂದಕ್ಕೂ ತಲೆ ಇಲ್ಲ. ಅಭ್ಯಾಸ ಇದೆ ಬಿಡು, ತಲೆ ಇಲ್ದವ್ರ ಜೊತೆ ಬಾಳಿದೀನಿ. ಒಂದಕ್ಕೆ ಮಾತ್ರ ತಲೆ ಇದೆ. ಅದನ್ನ ಗೋಡೆ ಕಡೆ ತಿರುಗ್ಸಿದೀನಿ.

ಚಳಿ ಶುರುವಾಗಿದೆ. ನೀನು ಹೆಂಗಿದೀಯ?

ಸಣ್ಣಿ


ನವೆಂಬರ್ ೨೭

ಸಣ್ಣೀ,

ನಿನ್ನ ಫೋನು ಬರೆದ ಕಾಗದ ಓದಿದೆ. ನಿನಗಿಂತ ಅದರ ಕಾಗುಣಿತ ವಾಸಿ.

ನಾನು ಕೈಯಲ್ಲೇ ಬರೆದು ಫೋಟೋ ತೆಗೆದು ಕಳಿಸುತ್ತೇನೆ. ಶಾಲೆ ಯೂನಿಫಾರ್ಮಿನ ಕೆಲಸ ಕೈತುಂಬ ಇದೆ. ಮಕ್ಕಳು ಹೇಗೆ ಬೆಳೆಯುತ್ತವೋ ಗೊತ್ತಿಲ್ಲ. ಹೋದ ವರ್ಷ ಒಳಗೆ ಮಡಚಿ ಬಿಟ್ಟ ಬಟ್ಟೆಯನ್ನೆಲ್ಲ ಈ ವರ್ಷ ಬಿಚ್ಚಿ ಬಿಡುತ್ತಿದ್ದೇನೆ. ಪಕ್ಕದ ಮನೆಯವಳು ನಿನ್ನ ಮದುವೆಯ ಮಾತು ಎತ್ತಿದಳು. ಐದು ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದಾಳೆ, ಅಷ್ಟು ದೊಡ್ಡ ಮನೆ ಗುಡಿಸುವ ಗಂಡು ಇದ್ದರೆ ಹೇಳು ಎಂದೆ. ಎದ್ದು ಹೋದಳು.

ಅಷ್ಟು ದೊಡ್ಡ ಬಟ್ಟೆ ಅಂಗಡಿ ಎಂದ ಮೇಲೆ ಬಟ್ಟೆ ಸರಿಮಾಡುವ ಕೋಣೆ ಇದ್ದೇ ಇರುತ್ತದೆ. ಉದ್ದ ಕಡಿಮೆ ಮಾಡುವುದು, ಸೊಂಟ ಬಿಡುವುದು, ತೋಳು ಇಳಿಸುವುದು, ಇದೆಲ್ಲ ಅಲ್ಲೇ ಮಾಡಿ ಕೊಡುತ್ತಾರೆ. ಸಿಕ್ಕರೆ ಅಲ್ಲಿನ ದರ್ಜಿಗಳ ಕೆಲಸ ಒಳಗಡೆಯಿಂದ ನೋಡು. ಹೊಲಿಗೆಯೊಳಗೆ ಎಷ್ಟು ಬಟ್ಟೆ ಮಡಚಿ ಬಿಟ್ಟಿದ್ದಾರೆ ಹೇಳು. ಒಳಗೆ ಬಟ್ಟೆ ಬಿಡದವನು ದರ್ಜಿಯಲ್ಲ, ಬರೀ ಕತ್ತರಿ.

ನೀನು ಬಿಟ್ಟು ಹೋದ ಅಂಗಿಯನ್ನು ಒಗೆದು ಮಡಚಿ ಇಟ್ಟಿದ್ದೇನೆ.

ಬೆಚ್ಚಗೆ ಏನಾದರೂ ಹಾಕಿಕೋ.

ಅಮ್ಮ


ಡಿಸೆಂಬರ್ ೧೬

ಅಮ್ಮಾ,

ನೀನು ಹೇಳಿದ ಕೋಣೆ ಸಿಕ್ತು! ನಾಲ್ಕನೇ ಮಹಡಿ, ಹಿಂದುಗಡೆ. ಬಾಗಿಲಿಗೆ ಬೊಂಬೆಗಳ ಕೈಕಾಲು ರಾಶಿ ಹಾಕಿದ್ರು, ಅದಕ್ಕೇ ಇಷ್ಟು ದಿನ ಕಂಡಿರ್ಲಿಲ್ಲ. ಉದ್ದ ಮೇಜು, ಎರಡು ಮಿಷನ್ನು, ಇಸ್ತ್ರಿ ಪೆಟ್ಟಿಗೆ. ಮೇಜಿನ ಮೇಲೆ ಸೂಜಿ ಚುಚ್ಚದ ಹಾಗೆ ಹಾಕ್ಕೊಳ್ಳೋ ಒಂದು ಬೆರಳುಟೋಪಿ, ಈಗಷ್ಟೇ ಬಿಚ್ಚಿಟ್ಟು ನೀರು ಕುಡಿಯಕ್ಕೆ ಎದ್ದು ಹೋದ ಹಾಗೆ.

ಮತ್ತೆ ಗೋಡೆ ಉದ್ದಕ್ಕೂ ಒಂದು ಕಬ್ಬಿಣದ ಸರಳು. ಅದರ ತುಂಬ ಬಟ್ಟೆ. ಎಲ್ಲಾ ಸರಿಮಾಡಿ, ಇಸ್ತ್ರಿ ಹಾಕಿ, ನೇತುಹಾಕಿದ ಬಟ್ಟೆ. ಯಾರೂ ಬಂದು ಒಯ್ದಿಲ್ಲ. ಅಂಗಡಿ ಇದ್ದಕ್ಕಿದ್ದಂಗೆ ಮುಚ್ಚಿತಲ್ಲ, ಕೊಟ್ಟವ್ರು ಬಂದಿರ್ತಾರೆ, ಬೀಗ ನೋಡ್ಕೊಂಡು ವಾಪಸ್ ಹೋಗಿರ್ತಾರೆ. ನಾನು ಬಾಗಿಲು ತೆಗೆದಾಗ ಗಾಳಿಗೆ ಎಲ್ಲಾ ಒಟ್ಟಿಗೆ ಸ್ವಲ್ಪ ತಿರುಗಿದ್ವು. ಯಾರು ಬಂದ್ರು ಅಂತ ನೋಡೋ ಹಾಗೆ.

ಒಳಗಡೆ ನೋಡ್ದೆ. ಎರಡು ಬೆರಳಿನಷ್ಟು ಬಟ್ಟೆ ಬಿಟ್ಟಿದಾರೆ. ಒಳ್ಳೇ ದರ್ಜಿಗಳೇ.

ಅದರಲ್ಲಿ ಒಂದು ಕೋಟು, ಇಟ್ಟಿಗೆ ಬಣ್ಣದ್ದು, ದಪ್ಪ. ಕಾಲರ್ ಮಾತ್ರ ನೀಲಿ, ಬೇರೆ ಯಾವ್ದೋ ಬಟ್ಟೆ ತಂದು ಹೊಲ್ದಿರೋದು. ಚಳಿ ಹೆಂಗಿದೆ ಅಂದ್ರೆ ಮಾತಾಡಿದ್ರೆ ಹೊಗೆ ಬರುತ್ತೆ. ಇಷ್ಟು ದೊಡ್ಡ ಕಟ್ಟಡಕ್ಕೆ ಬೆಂಕಿ ಹಾಕಿದ್ರೂ ಬೆಚ್ಚಗಾಗಲ್ಲ. ಹಾಕ್ಕೊಂಡೆ. ತೋಳು ಉದ್ದ, ಬೆರಳು ಮುಚ್ಚುತ್ತೆ. ಮಿಕ್ಕಿದ್ದೆಲ್ಲ ಸರಿ. ಬೈಬೇಡ. ಕೇಳೋರು ಬಂದ್ರೆ ಬಿಚ್ಚಿ ಕೊಡ್ತೀನಿ.

ನಕ್ಷೆಯಕ್ಕ ಒಂದೊಂದು ವಾರ ಒಂದೊಂದು ಪ್ರಯೋಗ ಮಾಡ್ತಾಳೆ. ಎರಡನೇ ಮಹಡೀಲಿ ಮಕ್ಕಳಿಗೆ ಆಟದ ಜಾಗ ಅಂದ್ಲು. ಮಕ್ಕಳು ಬಂದ್ವು, ಚೆಂಡು ಬಟ್ಟೆ ಹಾಕಿ ನೋಡೋ ಕನ್ನಡಿ ಕೋಣೆಗಳ ಕಡೆ ಹೋಯ್ತು, ತರಕ್ಕೆ ಒಬ್ರೂ ಹೋಗ್ಲಿಲ್ಲ. ಒಂದು ಹುಡುಗಿ ಅಂದ್ಲು, "ಆಂಟಿ, ಅಲ್ಲಿ ಯಾರೋ ಬಟ್ಟೆ ಬದಲಾಯಿಸ್ತಿದಾರೆ." ಮುಂದಿನ ವಾರ ಯಾರೂ ಬರ್ಲಿಲ್ಲ. ಆಮೇಲೆ ನೆಲಮಾಳಿಗೇಲಿ ಅಣಬೆ ಬೆಳೆಯೋರು ಬಂದ್ರು. "ಅಣಬೆಗೇನೋ ಜಾಗ ಚೆನ್ನಾಗಿದೆ, ನಮಗೇ ಆಗಲ್ಲ" ಅಂದು ಹೋದ್ರು. ನಕ್ಷೆಯಕ್ಕ ಮೆಟ್ಟಿಲ ಮೇಲೆ ಕೂತು ಅಂದ್ಲು, "ಈ ಕಟ್ಟಡಕ್ಕೆ ಏನೇ ಕೊಟ್ರೂ ಉಗುಳುತ್ತೆ ಕಣೇ. ಇನ್ನೂ ಅಂಗಡೀನೇ ಅಂದ್ಕೊಂಡಿದೆ."

ಸಣ್ಣಿ


ಜನವರಿ ೬

ಅಮ್ಮಾ,

ನೀನು ಬರೀಲಿಲ್ಲ. ಇರ್ಲಿ, ಯೂನಿಫಾರ್ಮ್ ಇರುತ್ತೆ.

ಒಂದು ವಿಷಯ ಆಯ್ತು. ನಾನು ದಿನಾ ದೀಪ ಹಾಕೋಕೆ ಮುಂಚೆ ಬೇಕರಿ ಬೀದಿಗೆ ಹೋಗಿ ಬ್ರೆಡ್ ತರ್ತೀನಿ. ಮೊನ್ನೆ ಹಂಗೇ ಬರ್ತಿದ್ದೆ. ಹಿಂದಿನಿಂದ ಒಂದು ಸಿಟಿ ಬಸ್ಸು ಬಂದು ಬೀದಿ ಮಧ್ಯದಲ್ಲೇ ಗಕ್ಕನೆ ನಿಲ್ತು. ಡ್ರೈವರು ಬಾಗಿಲು ತೆಗೆದು ಕೂಗ್ತಾನೆ, "ಏಯ್! ಏಯ್ ಮಗಾ!"

ತಿರುಗಿದೆ. ನನ್ನ ಮುಖ ನೋಡಿ ಆತನ ಮುಖ ಇಳಿದುಹೋಯ್ತು.

"ತಪ್ಪಾಯ್ತಮ್ಮ," ಅಂದ. ಹೋಗ್ಲಿಲ್ಲ. ಇಳಿದು ಬಂದ. ವಯಸ್ಸಾದವ್ನು, ನಿವೃತ್ತಿ ಹತ್ರ ಇರ್ಬೇಕು. "ಈ ಕೋಟು ಎಲ್ಲಿತ್ತು?"

"ಆ ದೊಡ್ಡ ಅಂಗಡೀಲಿ."

"ಅದು ಮುಚ್ಚಿದೆ."

"ಹೌದು. ನಾನು ಒಳಗಿರೋಳು."

ಆತ ಕಾಲರ್ ಮುಟ್ಟಿದ. ಎರಡು ಬೆರಳಲ್ಲಿ, ಬಿಸಿ ಇದೆಯೇನೋ ಅನ್ನೋ ಹಾಗೆ. "ಈ ನೀಲಿ ಬಟ್ಟೆ ನನ್ನ ಹಳೇ ಯೂನಿಫಾರ್ಮಿಂದು. ಕೋಟಿನ ಕಾಲರ್ ಸವೆದಿತ್ತು ಅಂತ ನನ್ನ ಹೆಂಡ್ತೀನೇ ಹಾಕಿದ್ದು. ತೋಳು ಗಿಡ್ಡ ಆಗಿತ್ತು ನನ್ನ ಮಗನಿಗೆ, ಇಳಿಸಿ ಕೊಡಿ ಅಂತ ಅಂಗಡಿಗೆ ಕೊಟ್ಟಿದ್ಲು. ಕೊಟ್ಟ ವಾರಾನೇ ಅವನು..." ಅಂದು ನಿಲ್ಲಿಸ್ದ. ಬಸ್ಸಲ್ಲಿ ಜನ ಕೂಗಾಡ್ತಿದ್ರು, "ಡ್ರೈವರಣ್ಣಾ, ಸಂಬಂಧ ಆಮೇಲೆ ಕುದುರ್ಸು, ನಮ್ಗೂ ಮನೆ ಇದೆ!"

ನಾನು ಗುಂಡಿ ಬಿಚ್ಚಕ್ಕೆ ಶುರು ಮಾಡ್ದೆ. ಆತ ನನ್ನ ಕೈ ಹಿಡಿದುಬಿಟ್ಟ. "ಬೇಡ ತಾಯೀ. ಮನೇಗೆ ತಗೊಂಡು ಹೋಗಿ ಎಲ್ಲಿಡ್ಲಿ? ನೀನೇ ಹಾಕ್ಕೋ. ಆದ್ರೆ ಈ ಬೀದೀಲಿ ಬರ್ಬೇಡ. ನಮ್ಮನೆ ಇಲ್ಲೇ, ಬೇಕರಿ ಮೇಲೆ."

ಬಸ್ಸು ಹೋಯ್ತು. ನಾನು ಮೇಲೆ ನೋಡ್ದೆ. ಕಿಟಕೀಲಿ ದೀಪ ಇತ್ತು. ಪರದೆ ಸರಿದಿತ್ತು, ಒಂದು ಕೈ ಅಗಲ.

ಅಮ್ಮಾ, ನಾನು ಆ ಬೀದೀಲಿ ದಿನಾ ಹೋಗ್ತಿದ್ದೆ. ಆ ಕೋಟಲ್ಲೇ. ವಾರಗಟ್ಟಲೆ.

ಸಣ್ಣಿ


ಜನವರಿ ೧೩

ಸಣ್ಣೀ,

ಆ ಕೋಟು ಬಿಚ್ಚಿ ಇದ್ದಲ್ಲಿ ಇಡು. ಬ್ರೆಡ್ಡು ಬೇರೆ ಕಡೆ ಸಿಗುತ್ತದೆ.

ನಿನಗೆ ಒಂದು ಉಣ್ಣೆಯ ಮೇಲಂಗಿ ಹೊಲಿದು ಕಳಿಸುತ್ತೇನೆ. ಅದು ಬರುವವರೆಗೆ ಎರಡು ಅಂಗಿ ಹಾಕಿಕೋ.

ಇದರ ಬಗ್ಗೆ ಇನ್ನು ಬರೆಯಬೇಡ.

ಅಮ್ಮ


ಫೆಬ್ರವರಿ ೪

ಅಮ್ಮಾ,

ಬರೀಬೇಡ ಅಂದೆ. ಬರೀತಿಲ್ಲ, ಹೇಳ್ತಿದೀನಿ. ಬರೀತಿರೋದು ಫೋನು.

ನಿನ್ನ ಮಾತು ಕೇಳಿ ಕೋಟು ಸರಳಿಗೆ ಹಾಕಿದ್ದೆ. ಮೂರನೇ ದಿನ ಅಂಗಡಿ ಗಾಜಿನ ಬಾಗಿಲು ಬಡಿದ ಸದ್ದು. ಡ್ರೈವರು. ಟೋಪಿ ಕೈಲಿ ಹಿಡ್ಕೊಂಡು ನಿಂತಿದ್ದ. ಒಳಗೆ ಕರೆದ್ರೆ ಬರ್ಲಿಲ್ಲ.

"ಅವಳು ನೋಡಿದಾಳೆ," ಅಂದ. "ನಾನು ಬಸ್ಸಿಂದ ಇಳಿದು ಮನೇಗೆ ಬರೋದು ತಡ. ಮೊದ್ಲೆಲ್ಲ ಬಂದ್ರೆ ಒಂದು ತಟ್ಟೆ ಇರ್ತಿತ್ತು, ಅವಳದು ಮುಗಿದಿರ್ತಿತ್ತು. ಈಗ ಒಂದು ತಿಂಗಳಿಂದ ಎರಡು ತಟ್ಟೆ ಮುಚ್ಚಿಟ್ಟಿರ್ತಿದ್ಲು. ಯಾರಿಗೆ ಅಂತ ಕೇಳಿರ್ಲಿಲ್ಲ. ಹಸಿವು ಜಾಸ್ತಿ ಅಂದ್ಕೊಂಡು ನಾನೇ ಎರಡೂ ತಿಂದೆ. ನೀನು ಬರೋದು ನಿಂತಾಗಿಂದ ನೋಡು, ಅಡುಗೇನೇ ಮಾಡಿಲ್ಲ. ಕಿಟಕಿ ಬಿಟ್ಟು ಏಳ್ತಿಲ್ಲ."

ನಾನು ಬಾಗಿಲು ಇನ್ನಷ್ಟು ತೆಗೆದು ಹಿಡಿದೆ.

"ಬರ್ಬೇಡ ಅಂದವ್ನೂ ನಾನೇ," ಅಂದ. "ಈಗ ಬಾ ಅಂತ ಕೇಳ್ತಿರೋನೂ ನಾನೇ. ಮುಖ ಮೇಲೆತ್ತಬೇಡ. ಸುಮ್ನೆ ಹಾದು ಹೋಗು. ಅಷ್ಟೇ."

ಹೋಗ್ತಿದೀನಿ. ದಿನಾ. ಕಾಲರ್ ಎತ್ತಿ, ಕೂದ್ಲು ಒಳಗೆ ಹಾಕ್ಕೊಂಡು, ಸ್ವಲ್ಪ ಅಗಲ ಹೆಜ್ಜೆ ಇಟ್ಟು. ಆ ಹುಡುಗ ಹೆಂಗೆ ನಡೀತಿದ್ದ ಅಂತ ನಂಗೇನು ಗೊತ್ತು? ಆದ್ರೂ ಕಾಲಿಗೆ ಗೊತ್ತಿರೋ ಹಾಗೆ ಹೋಗುತ್ತೆ. ಪರದೆ ಒಂದು ಕೈ ಅಗಲ ಸರಿಯುತ್ತೆ. ಬೀದಿ ತುದಿ ದಾಟಿದ್ಮೇಲೆ ಬೀಳುತ್ತೆ. ಆಮೇಲೆ ಬಂದು ಇಲ್ಲಿ ದೀಪ ಹಾಕ್ತೀನಿ. ಇಲ್ಲೂ ಅದೇ ಕೆಲಸ, ಅಲ್ಲೂ ಅದೇ ಕೆಲಸ.

ಭಯ ಆಗ್ತಿರೋದು ಏನು ಗೊತ್ತಾ? ನಂಗೆ ಅದು ಹಿಡಿಸ್ತಿದೆ. ಸಂಜೆ ಆಗ್ತಿದ್ದಂಗೆ ಕೋಟು ಕರೆಯುತ್ತೆ. ಒಂದು ಕಿಟಕಿ ನನಗೋಸ್ಕರ ಕಾಯ್ತಿದೆ ಅನ್ಸುತ್ತೆ. ನನಗೋಸ್ಕರ ಅಲ್ಲ ಅಂತ ಗೊತ್ತು. ನಿನ್ನೆ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿ ಕನ್ನಡೀಲಿ ಯಾರೋ ಹುಡುಗ ಬಂದ. ಕೂಗ್ಬೇಕು ಅನ್ನೋಷ್ಟರಲ್ಲಿ ನಾನೇ ಅಂತ ಗೊತ್ತಾಯ್ತು. ನಾನೇನಾ ಅಂತ ಆಮೇಲೂ ಸ್ವಲ್ಪ ಹೊತ್ತು ನೋಡ್ದೆ.

ಅಮ್ಮಾ, ನಮ್ಮನೇಲಿ ಆ ಸಂಜೆಗಳು. ನಾನು ಅಣ್ಣನ ಚೌಕಳಿ ಅಂಗಿ ಹಾಕ್ಕೊಂಡು ಹಿತ್ತಿಲ ಬಾಗ್ಲಿಂದ ಬಂದಿದ್ದು. ನೀನು ಒಲೆ ಕಡೆ ತಿರುಗಿದ್ದೆ. "ಗುಂಡಾ, ಕೈಕಾಲು ತೊಳ್ಕೊಂಡು ಊಟಕ್ಕೆ ಬಾ" ಅಂದೆ. ನಾನು "ಸಣ್ಣಿ ಕಣಮ್ಮ" ಅನ್ನಲಿಲ್ಲ. ಅಣ್ಣ ಕೂರ್ತಿದ್ದ ಜಾಗದಲ್ಲಿ ಕೂತು ಊಟ ಮಾಡ್ದೆ.

ಮಾರನೇ ದಿನ ಮತ್ತೆ ಆ ಅಂಗಿ ಹಾಕ್ಕೊಂಡೆ. ಅದರ ಮಾರನೇ ದಿನಾನೂ.

ನಿಂಗೆ ಗೊತ್ತಿತ್ತಾ?

ಸಣ್ಣಿ


ಫೆಬ್ರವರಿ ೨೭

ಸಣ್ಣೀ,

ಇದನ್ನು ಬರೆಯಲು ಕೂತು ಎದ್ದು ಕೂತು ಇಷ್ಟು ದಿನವಾಯಿತು.

ಮೊದಲ ಸಂಜೆ ಗೊತ್ತಿರಲಿಲ್ಲ. ಹೆಜ್ಜೆ ಸದ್ದು ಕೇಳಿ ಬಾಯಿಗೆ ಬಂದದ್ದನ್ನು ಅಂದೆ. ತಟ್ಟೆ ಇಡಲು ತಿರುಗಿದಾಗ ನಿನ್ನ ಕೈ ಕಂಡಿತು. ನೀನು ಹುಟ್ಟಿದಾಗಿನಿಂದ ನೋಡಿದ ಕೈ. ಆಗಲೇ ಗೊತ್ತಾಯಿತು.

ಎರಡನೆಯ ಸಂಜೆ ಗೊತ್ತಿದ್ದೇ ಕರೆದೆ.

ಅವನಿಗೆಂದು ಬಡಿಸುತ್ತಿದ್ದೆ, ನೀನು ತಿನ್ನುತ್ತಿದ್ದೆ. ಆ ವಾರವಿಡೀ ನನಗೆ ನಿದ್ದೆ ಬಂತು. ಅದಕ್ಕೆ ಮುಂಚೆ ಬಂದಿರಲಿಲ್ಲ. ಆದರೆ ಆ ವಾರ ಒಮ್ಮೆಯೂ ನಿನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ನೀನು ಊಟ ಮಾಡಿದೆಯಾ ಎಂದು ಕೇಳಲಿಲ್ಲ. ನೀನು ಅಂಗಿಯನ್ನು ಮಂಚದ ಮೇಲೆ ಬಿಚ್ಚಿಟ್ಟು ಚೀಲ ಹಿಡಿದು ಹೊರಟಾಗ ಯಾಕೆ ಎಂದು ನಾನು ಕೇಳಿದೆನಾ? ಕೇಳಲಿಲ್ಲ. ಗೊತ್ತಿತ್ತಲ್ಲ. ಒಬ್ಬ ಮಗನಿಲ್ಲವೆಂದು ಮಗಳನ್ನೂ ಮನೆಯಲ್ಲಿ ಇಲ್ಲದ ಹಾಗೆ ಮಾಡಿದ್ದೆ.

ಆ ಹೆಂಗಸಿಗೆ ಹಾಗೆ ಮಾಡಬೇಡ. ಅವಳಿಗೆ ನಿದ್ದೆ ಬರುತ್ತಿರಬಹುದು. ಬರಲಿ ಅನ್ನಬೇಡ. ಆ ನಿದ್ದೆ ಎಂಥದೆಂದು ನನಗೆ ಗೊತ್ತು. ನಿನಗೂ ಹಾಗೆ ಮಾಡಿಕೊಳ್ಳಬೇಡ.

ಕೋಟು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತು. ಬಾಗಿಲು ತಟ್ಟು. ಕೂದಲು ಹೊರಗಿರಲಿ. ಮುಖ ತೋರಿಸು.

ಬೈದರೆ ಬೈಸಿಕೋ.

ಅಮ್ಮ


ಮಾರ್ಚ್ ೧೫

ಅಮ್ಮಾ,

ಹೋಗಿದ್ದೆ.

ಮೊದ್ಲು ನೀನು ಕಳಿಸಿದ ಉಣ್ಣೆ ಅಂಗೀಲಿ ಬೀದೀಲಿ ಹಾದು ಹೋದೆ, ಕೋಟು ಚೀಲದಲ್ಲಿ ಇಟ್ಕೊಂಡು. ಕಿಟಕೀಲಿ ಆಕೆ ಇದ್ರು. ಮೊದಲ ಸಲ ಮುಖ ಎತ್ತಿ ನೋಡ್ದೆ. ಆಕೆ ನನ್ನ ನೋಡ್ಲಿಲ್ಲ. ನನ್ನ ಹಿಂದೆ, ಬೀದಿ ತುದಿ ಕಡೆ ನೋಡ್ತಿದ್ರು. ನಾನು ಕಣ್ಣೆದುರೇ ಇದ್ದೆ, ಕಾಣ್ಲಿಲ್ಲ. ಅಲ್ಲಿಂದ ಓಡಿ ಬರ್ಬೇಕು ಅನ್ನಿಸ್ತು. ನಿನ್ನ ಕಾಗದ ನೆನಪಾಯ್ತು.

ತಟ್ಟಿದೆ. ಬಾಗಿಲು ತೆಗೆದ್ರು. ತೆಳ್ಳಗೆ, ಎತ್ತರ, ಕೈಲಿ ಸೌಟು. ಒಳಗೆ ಮೇಜಿನ ಮೇಲೆ ಎರಡು ತಟ್ಟೆ ಮುಚ್ಚಿಟ್ಟಿತ್ತು. ಕೋಟು ಚಾಚಿದೆ. ಆಕೆ ತಗೊಳ್ಳಲಿಲ್ಲ. ಕಾಲರ್ ನೋಡಿದ್ರು, ನನ್ನ ನೋಡಿದ್ರು, ಮೆಟ್ಟಿಲ ಕೆಳಗೆ ನೋಡಿದ್ರು.

"ಅವನೆಲ್ಲಿ?"

"ದಿನಾ ಹಾದು ಹೋಗ್ತಿದ್ದೋಳು ನಾನಮ್ಮ. ಚಳಿಗೆ ಅಂತ ಹಾಕ್ಕೊಂಡಿದ್ದೆ."

"ನೀನಲ್ಲ. ನಡಿಗೆ ಅವನದು."

"ನಂದು."

"ನಡೆದು ತೋರ್ಸು."

ಆ ಇಕ್ಕಟ್ಟು ಮೆಟ್ಟಿಲ ಮೇಲೆ ನಡೆದೆ ಅಮ್ಮಾ. ನನ್ನ ನಡಿಗೇಲಿ, ಉಣ್ಣೆ ಅಂಗೀಲಿ, ಗೋಡೆವರ್ಗೂ ಹೋಗಿ ವಾಪಸ್. ಎಷ್ಟೋ ತಿಂಗಳಾದ್ಮೇಲೆ ನಾನಾಗಿ ನಡೆದದ್ದು. ತಿರುಗಿದಾಗ ಬಾಗಿಲು ಮುಚ್ಚಿತ್ತು. ಒಳಗಿಂದ ಒಂದು ಸದ್ದು ಬಂತು. ಅಳು ಅಲ್ಲ. ತಟ್ಟೆ ಎತ್ತಿಟ್ಟ ಸದ್ದು. ಒಂದು. ಆಮೇಲೆ ಇನ್ನೊಂದು.

ಅವತ್ತಿಂದ ಆ ಕಿಟಕೀಲಿ ದೀಪ ಇಲ್ಲ. ಡ್ರೈವರು ಬಸ್ಸು ಓಡಿಸ್ತಿದಾನೆ, ನನ್ನ ನೋಡಿದ್ರೆ ಮುಖ ತಿರುಗಿಸ್ತಾನೆ. ನಾನು ಏನನ್ನೋ ಕೊಂದೆ ಅನ್ಸುತ್ತೆ. ನಕ್ಷೆಯಕ್ಕನೂ ಮಾಲೀಕರಿಗೆ ಹೇಳ್ಬಿಟ್ಳಂತೆ, ಬೇಸಿಗೆಗೆ ಒಳಗೆಲ್ಲ ಕಿತ್ತು ವಾಹನ ನಿಲ್ಸೋ ಜಾಗ ಮಾಡೋದೇ ವಾಸಿ ಅಂತ. ಕೋಟು ಸರಳಿಗೆ ಹಾಕಿದೀನಿ. ದೀಪ ಹಾಕಕ್ಕೆ ನಾಲ್ಕನೇ ಮಹಡಿಗೆ ಹೋಗ್ತಿಲ್ಲ. ಕೆಳಗಿಂದ ನೋಡಿದ್ರೆ ಆ ಮಹಡಿ ಮಾತ್ರ ಕಪ್ಪು.

ಸಣ್ಣಿ


ಏಪ್ರಿಲ್ ೧೧

ಅಮ್ಮಾ, ಅಮ್ಮಾ,

ಆಕೆ ಬಂದ್ರು! ಹೋದ ವಾರ, ಹಗಲು ಹೊತ್ತಲ್ಲಿ, ಗಂಡನ್ನ ಹಿಂದೆ ಕರ್ಕೊಂಡು. ನನ್ನ ಮುಖ ನೋಡಿ ಒಂದೇ ಮಾತು, "ಎಲ್ಲಿತ್ತು ತೋರ್ಸು."

ನಾಲ್ಕನೇ ಮಹಡಿ ಹತ್ತಿದ್ವಿ. ಡ್ರೈವರು ಮೆಟ್ಟಿಲಲ್ಲಿ ಏದುಸಿರು ಬಿಡ್ತಾ, "ಜೀವನವಿಡೀ ಕೂತು ಓಡಿಸ್ದೆ, ಈಗ ನಡೆಸ್ತಿದಾಳೆ" ಅಂತಿದ್ದ. ಆಕೆ ಕೋಟು ಇಳಿಸಿ, ಮೇಜಿನ ಮೇಲೆ ಹಾಕಿ, ಒಳಗಿನ ಮೈ ಹೊರಗೆ ತಿರುಗಿಸಿದ್ರು. ಥೇಟ್ ನೀನು ನೋಡೋ ಹಾಗೆ. ತೋಳಿನ ತುದಿ ಮೇಲೆ ಬೆರಳು ಆಡಿಸಿದ್ರು.

"ಇಳಿಸಿದಾರೆ," ಅಂದ್ರು. "ನಾನು ಹೇಳಿದಷ್ಟೇ ಇಳಿಸಿದಾರೆ. ಮಾಡೇ ಇರಲ್ಲ, ಹಂಗೇ ಬಿಸಾಕಿರ್ತಾರೆ ಅಂದ್ಕೊಂಡಿದ್ದೆ." ಆಮೇಲೆ ಕೂತ್ರು. ಆಗ ಅತ್ರು. ಡ್ರೈವರು ಕಿಟಕಿ ಕಡೆ ತಿರುಗಿ, ಹೊರಗೆ ಏನೋ ಬಹಳ ಮುಖ್ಯವಾದದ್ದು ನಡೀತಿದೆ ಅನ್ನೋ ಹಾಗೆ ನಿಂತಿದ್ದ.

ಅತ್ತು ಮುಗಿದ್ಮೇಲೆ ಆಕೆ ಸರಳು ನೋಡಿದ್ರು. "ಇವರೆಲ್ಲ ಯಾರು?"

"ಗೊತ್ತಿಲ್ಲ. ಯಾರೂ ಬಂದಿಲ್ಲ."

"ಇಲ್ಲಿವೆ ಅಂತ ಗೊತ್ತಿದ್ರೆ ತಾನೆ ಬರೋದು? ನಾನು ಆ ವರ್ಷ ನಿಮ್ಮ ಬಾಗಿಲಿಗೆ ಎಷ್ಟು ಸಲ ಬಂದಿದೀನಿ ಗೊತ್ತಾ? ಗಾಜಿಗೆ ಮುಖ ಒತ್ತಿ ನೋಡ್ತಿದ್ದೆ. ಆ ತಲೆ ಇಲ್ಲದವೇ ಕಾಣ್ತಿದ್ವು."

ಅವರದೇ ಯೋಚನೆ. ನಾವು ಮೂರು ಜನ ಆ ಬಟ್ಟೆ ಎಲ್ಲಾ ಕೆಳಗೆ ಇಳಿಸಿದ್ವಿ. ಬೀದಿ ಕಡೆ ಗಾಜಿನ ಕಿಟಕಿಗಳಲ್ಲಿ ಬೊಂಬೆ ತೆಗೆದು ಬಟ್ಟೆ ನೇತುಹಾಕಿದ್ವಿ. ಒಳಗೆ ಯಾರೂ ಇಲ್ದ ಕೋಟು, ಪ್ಯಾಂಟು, ಒಂದು ಮದುಮಗಳ ಗೌನು, ಒಂದು ಶಾಲೆ ಅಂಗಿ. ಸಂಜೆ ನಾನು ದೀಪ ಹಾಕ್ದೆ. ಕೆಳಗೆ ಮಾತ್ರ. ಇದೇ ಮೊದಲ ಸಲ, ಇಲ್ಲದೋರನ್ನ ಇದಾರೆ ಅಂತ ತೋರಿಸ್ಲಿಲ್ಲ. ಇಲ್ಲ ಅಂತಾನೇ ತೋರಿಸ್ದೆ.

ಜನ ನಿಂತ್ರು. ಕೆಲವರು ನೋಡ್ಕೊಂಡು ಬೇಗ ಬೇಗ ಹೋದ್ರು. ಒಬ್ಬ ಗಡ್ಡದವನು ನಗ್ತಾ ಒಳಗೆ ಬಂದ, "ನನ್ನ ಮದುವೆ ಪ್ಯಾಂಟು ಕಣ್ರೀ ಅದು! ಇದಿಲ್ಲದೇ ಮದುವೆ ಆಯ್ತು, ಮದುವೇನೂ ಮುರಿದುಬಿತ್ತು, ಈಗ ಸಿಕ್ತು!" ಒಬ್ಬಳು ಗಾಜಿನ ಹೊರಗೆ ಬಹಳ ಹೊತ್ತು ನಿಂತಿದ್ಲು. ಒಳಗೆ ಬಂದು ಆ ಶಾಲೆ ಅಂಗಿ ಕೇಳಿದ್ಲು. ಕೊಟ್ಟೆ. ಅಂಗಡಿ ನಡುವೇಲಿ ನಿಂತು ಅದನ್ನ ಮೂಗಿಗೆ ಹಿಡ್ಕೊಂಡ್ಲು.

ಮಾರನೇ ದಿನ ಅವಳೇ ವಾಪಸ್ ಬಂದು, "ಇದನ್ನ ನನ್ನ ಚಿಕ್ಕವನಿಗೆ ಆಗೋ ಹಾಗೆ ಮಾಡಿ ಕೊಡ್ತೀರಾ?" ಅಂದ್ಲು. ಡ್ರೈವರ ಹೆಂಡತಿ ನನ್ನ ಮುಖ ನೋಡಿದ್ರು. ನಾನು ಅವರ ಮುಖ ನೋಡ್ದೆ. ಮೇಲೆ ಹೋಗಿ ಮಿಷನ್ನಿನ ಧೂಳು ಒರೆಸಿದ್ವಿ.

ಈಗ ಅದೇ ಆಗಿದೆ. ಜನ ಮನೇಲಿ ಬೀರುವಿನಲ್ಲಿ ಇಟ್ಟಿದ್ದನ್ನ ತರ್ತಾರೆ. ಅಪ್ಪಂದು, ಅಕ್ಕಂದು. ಮುಟ್ಟಕ್ಕಾಗದೆ ಇಟ್ಟಿದ್ದು. ಯಾರಿಗೋ ಆಗೋ ಹಾಗೆ ಮಾಡಿ ಒಯ್ತಾರೆ. ಕೆಲವರು ತಂದು, ಮೇಜಿನ ಮೇಲಿಟ್ಟು, ಇನ್ನೂ ಆಗಲ್ಲ ಅಂದು ವಾಪಸ್ ಒಯ್ತಾರೆ. ಅದೂ ಸರಿ. ನಕ್ಷೆಯಕ್ಕ ಸುರುಳಿ ಬಿಚ್ಚದೇ ಮೂಲೇಲಿ ನಿಂತು ನೋಡ್ತಿದ್ಲು. "ಅಂಗಡೀನೇ ಆಗ್ಬೇಕಿತ್ತಾ ಇದಕ್ಕೆ, ಮೊಂಡು ಕಟ್ಟಡ" ಅಂದ್ಲು. ಕೆಳಗಿನದೂ ನಾಲ್ಕನೇದೂ ಹೀಗೇ ಇರ್ಲಿ ಅಂತ ಮಾಲೀಕರನ್ನ ಒಪ್ಸಿದಾಳೆ. ಮಿಕ್ಕ ಮಹಡಿ ಗೊತ್ತಿಲ್ಲ. ನಾನು ದೀಪ ಹಾಕೋ ಕೆಲಸ ಬಿಟ್ಟೆ. ಊರಾಚೆ ಒಂದು ಕೋಣೆ ನೋಡಿದೀನಿ. ಒಂದೇ ಕಿಟಕಿ, ಒಂದೇ ದೀಪ.

ಆ ಕೋಟು ಆಕೆ ಒಯ್ಯಲಿಲ್ಲ. ನನ್ನ ನಿಲ್ಸಿ, ತೊಡಿಸಿ, ಪಿನ್ನು ಹಾಕಿ, ತೋಳು ಮಡಚಿದ್ರು. "ಕತ್ತರಿಸ್ತಿಲ್ಲ," ಅಂದ್ರು. "ಒಳಗೇ ಇರ್ಲಿ." ಕಾಲರ್ ಮಾತ್ರ ಬಿಚ್ಚಿಕೊಂಡ್ರು. ಅದು ಅವರ ಚೀಲಕ್ಕೆ ಹೋಯ್ತು.

ಆದ್ರೂ ಕೆಲವು ಸಂಜೆ ಆಕೆ ಮಿಷನ್ ನಿಲ್ಲಿಸಿ ಬೀದಿ ಕಡೆ ಕಿವಿ ಕೊಡ್ತಾರೆ. ನಾನೂ ಕೊಡ್ತೀನಿ. ಯಾರೂ ಇರಲ್ಲ. ಮತ್ತೆ ತುಳೀತಾರೆ.

ನಿನ್ನ ಸಣ್ಣಿ


ಏಪ್ರಿಲ್ ೩೦

ಸಣ್ಣೀ,

ನಿನ್ನ ಕಾಗದ ಬಂದ ದಿನ ಚೌಕಳಿ ಅಂಗಿಯನ್ನು ಬೀರುವಿನಿಂದ ತೆಗೆದೆ. ಮಿಷನ್ನಿನ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಯೂನಿಫಾರ್ಮಿನವರು ಬಂದು ಬೈದು ಹೋದರು. ಮಾರನೆಯ ದಿನ ಪಕ್ಕದ ಹೊಲಿಗೆ ಬಿಚ್ಚಿದೆ. ತೋಳು ಬಿಚ್ಚಿದೆ. ಭುಜದ ಹತ್ತಿರ ಕೈ ನಿಂತಿತು. ಎರಡು ದಿನ ಬಿಟ್ಟು ಅದನ್ನೂ ಬಿಚ್ಚಿದೆ.

ಅವನಿಗೆ ಹೊಲಿಯುವಾಗ ನಾನು ಒಳಗೆ ತುಂಬ ಬಟ್ಟೆ ಬಿಟ್ಟಿದ್ದೆ. ಇನ್ನೂ ಬೆಳೆಯುತ್ತಾನೆ ಎಂದು. ಬಿಚ್ಚಿ ನೋಡಿದರೆ ಮಡಿಕೆಯ ಒಳಗಿನ ಬಣ್ಣ ಮಾಸಿಲ್ಲ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ.

ಇದು ನಿನಗೆ. ಗುಂಡನ ಅಂಗಿಯಲ್ಲ, ನಿನ್ನ ಅಳತೆಯ ಅಂಗಿ. ನನ್ನ ಹತ್ತಿರ ಇರುವುದು ನೀನು ಹೊರಡುವ ಮುಂಚಿನ ಅಳತೆ, ಅದು ಬೇಡ. ಇವತ್ತು ನೀನು ಹೇಗಿದ್ದೀಯೋ ಆ ಅಳತೆ ಬೇಕು. ಭುಜ, ಎದೆ, ತೋಳು, ಮಣಿಕಟ್ಟು. ಆ ಹೆಂಗಸಿಗೇ ಹೇಳು, ಅವಳು ತೆಗೆಯಲಿ. ಅವಳ ಕೈ ಸರಿಯಾಗಿದೆ. ಟೇಪು ಹಿಡಿಯುವಾಗ ಉಸಿರು ಬಿಗಿಹಿಡಿದು ನಿಲ್ಲಬೇಡ, ಚಿಕ್ಕವಳಿದ್ದಾಗ ಯಾವಾಗಲೂ ಹಾಗೆ ಮಾಡುತ್ತಿದ್ದೆ.

ಅಳತೆಯನ್ನು ಫೋನಿಗೆ ಬರೆಯಿಸಿ ಕಳಿಸಬೇಡ. ನೀನೇ ಹೇಳಿ ಕಳಿಸು, ನಿನ್ನ ದನಿಯಲ್ಲೇ.

ಮಿಷನ್ ನಿಲ್ಲಿಸಿ ಕೇಳುತ್ತೇನೆ.

ಅಮ್ಮ